ಬೇವಿನ ಮರಕ್ಕೆ ಕಟ್ಟಿದ ಮಾರುತಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಓಣಿಯ ಮಗ್ಗಗಳು ನಿಂತವು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಮಗಳಿಗೆ ನೆಗಡಿ ಜ್ವರ ಬಂದಿತ್ತು. ಮೂರಕ್ಕೆ ಕುಡಿಸಬೇಕಾದ ಔಷಧಿಯನ್ನು ಮರೆತು, ಗೋಡೆಯ ಗಡಿಯಾರ ನೋಡಿ ನನ್ನನ್ನೇ ಬೈದುಕೊಳ್ಳುತ್ತ ಚಮಚ ಹುಡುಕುತ್ತಿದ್ದೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಹಾಡಹಗಲೇ ಮಗ್ಗದ ಸದ್ದು ನಿಂತಿತೆಂದರೆ ಯಾರದೋ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಮೊದಲು ಎದುರು ಮನೆಯದು, ಆಮೇಲೆ ಅದರ ಪಕ್ಕದ್ದು, ಕೊನೆಗೆ ನಮ್ಮ ಪಡಸಾಲೆಯಲ್ಲಿ ಅತ್ತೆಯ ಮಗ್ಗವೂ ನಿಂತಿತು. ಅತ್ತೆ, ನೇಯುವಾಗ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೆದ್ದು, ಸೀರೆ ಕೊಡವಿಕೊಂಡು ಹೊರಗೆ ಹೋದರು. ನಾನು ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಹಿಂದೆ ಹೋದೆ.

ಸತ್ತವರು ಯಾರೂ ಇರಲಿಲ್ಲ. ಒಂದು ಎತ್ತಿನ ಗಾಡಿ, ಅದರ ಮೇಲೆ ಕಬ್ಬಿಣದ ಸರಳಿನ ಪೆಟ್ಟಿಗೆ, ಅದರೊಳಗೆ ಬೂದುಬಣ್ಣದ್ದೇನೋ ನಮ್ಮ ಕಡೆ ಬೆನ್ನು ಮಾಡಿ ಕುಳಿತಿತ್ತು.

ಗಾಡಿ ನಿಂತದ್ದು ನಮ್ಮ ಹಿಂದಿನ ಮನೆಯ ಸಾವಕಾರರ ಬಾಗಿಲಿಗೆ. ನಮ್ಮ ಹಿತ್ತಲಿಗೂ ಅವರ ಅಂಗಳಕ್ಕೂ ನಡುವೆ ಎದೆಮಟ್ಟದ ಒಂದು ಗೋಡೆ ಮಾತ್ರ. ಓಣಿಯ ಮುಕ್ಕಾಲು ಮನೆಗಳಿಗೆ ನೂಲು ಕೊಡುವವರು ಅವರೇ, ನೇಯ್ದ ಸೀರೆ ಒಯ್ಯುವವರೂ ಅವರೇ. ಊರಲ್ಲಿ ಯಾರ ಹತ್ತಿರವೂ ಇಲ್ಲದ್ದು ತಮ್ಮ ಹತ್ತಿರ ಇರಬೇಕು ಎಂಬುದು ಅವರ ಹಂಬಲ. ಮೊದಲು ಪರದೇಶದ ಬಣ್ಣಬಣ್ಣದ ಗಿಳಿಮರಿಗಳನ್ನು ತಂದು ಪಂಜರದಲ್ಲಿಟ್ಟರು. ಆಮೇಲೆ ಬಿಳಿ ಮೊಲ ತಂದರು. ಅವು ಲೆಕ್ಕವಿಲ್ಲದಷ್ಟು ಮರಿ ಹಾಕಿ, ಗೋಡೆಯ ಬುಡ ಕೊರೆದು, ಮೂರು ಮನೆಗಳ ಮಗ್ಗದ ಕುಣಿಗಳಲ್ಲಿ ಸಿಕ್ಕಿ, ಒಬ್ಬರು ಮಗ್ಗಕ್ಕೆ ಬಿಗಿದಿದ್ದ ರೇಷ್ಮೆ ಎಳೆಗಳ ಹಾಸನ್ನು ಕಡಿದು ಹಾಕಿದವು. ಯಾರೂ ಕೇಳಲಿಲ್ಲ. ನೂಲು ಕೊಡುವವರನ್ನು ಕೇಳುವುದು ಹೇಗೆ?

ಆ ವರ್ಷ ಹುನಗುಂದದ ರಸ್ತೆಯ ಬಯಲಿನಲ್ಲಿ ಒಂದು ಸಣ್ಣ ಸರ್ಕಸ್ ಬೀಡುಬಿಟ್ಟಿತ್ತು. ಗಾಳಿಮಳೆಗೆ ಡೇರೆ ಹರಿದು ಚಿಂದಿಯಾಗಿ, ಆಟದವರು ಒಬ್ಬೊಬ್ಬರಾಗಿ ಚದುರಿದರು. ಹೊಸ ಡೇರೆ ಮಾಡಿಕೊಂಡು ಬರುವವರೆಗೆ ಇಟ್ಟುಕೊಂಡಿರಿ ಎಂದು ಮಾಲೀಕ ಇದೊಂದನ್ನು ಸಾವಕಾರರಿಗೆ ಒಪ್ಪಿಸಿ ಸೊಲ್ಲಾಪುರದ ಕಡೆ ಹೋದನಂತೆ. ಅದು ಅವರು ಹೇಳಿದ ಮಾತು. ಆಗಲೇ ನನಗೆ ನಂಬಿಕೆ ಬರಲಿಲ್ಲ, ಈಗಲೂ ಇಲ್ಲ.

ಆಳುಗಳು ಅದನ್ನು ಹೊರಗೆಳೆದು ಅಂಗಳದ ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದರು. ಆಗ ಅದು ತಿರುಗಿ ನೋಡಿತು. ನಾಯಿಯದರಂಥ ಉದ್ದ ಮೂತಿ. ಹೆಗಲ ಸುತ್ತ ಬೂದು ಜಟೆ. ಕೆಂಪಗೆ ಬೋಳಾದ ಹಿಂಭಾಗ. ನಾನು ಬಾಗಲಕೋಟೆಯ ಹುಡುಗಿ, ವಿದ್ಯಾಗಿರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದವಳು. ಪುಸ್ತಕದಲ್ಲಿ ಇದರ ಚಿತ್ರ ನೋಡಿದ್ದೆ. ಬಬೂನ್, ಆಫ್ರಿಕಾದ ಮಂಗ. ಚಿರತೆಗೂ ತಿರುಗಿ ಬೀಳುವ ಜಾತಿ.

ಅತ್ತೆಗೆ ಅದನ್ನು ಹೇಳಿದೆ. ಅವರು ಆಗಲೇ ಕೈಮುಗಿದು ನಿಂತಿದ್ದರು. ಅವತ್ತು ಶನಿವಾರ. ಮಾರುತಿಯ ವಾರ ಮಾರುತಿಯೇ ಗಾಡಿ ಹತ್ತಿ ಬಂದಿದ್ದಾನೆಂದು ಓಣಿಯ ತುಂಬ ಮಾತು ಎದ್ದಿತ್ತು.

"ಆಫ್ರಿಕಾದ್ದಂತ?" ಅತ್ತೆ ನನ್ನ ಕಡೆ ನೋಡದೆಯೇ ಅಂದರು. "ಲಂಕಾಕ ಹೋಗಿ ಬಂದಾಂವಗ ಆಫ್ರಿಕಾ ಏನು ದೂರ ಆಗ್ತದನ?"

ಸುತ್ತಲಿದ್ದವರು ನಕ್ಕರು. ಅದು ಬಾಯಿ ತೆರೆದು ಆಕಳಿಸಿತು. ಪಾಪ, ದಾರಿ ಸವೆಸಿ ದಣಿದಿದೆ ಎಂದು ಯಾರೋ ಮರುಗಿದರು. ನನಗೆ ಕಂಡದ್ದು ಹಲ್ಲು, ನನ್ನ ಕಿರುಬೆರಳಿನಷ್ಟು ಉದ್ದದ ಎರಡು ಕೋರೆಹಲ್ಲು. ಈ ಜಾತಿ ಆಕಳಿಸುವುದು ನಿದ್ದೆ ಬಂದು ಅಲ್ಲ, ಎದುರಿನವರಿಗೆ ಹಲ್ಲು ತೋರಿಸಲಿಕ್ಕೆ ಎಂದು ಓದಿದ ನೆನಪಿತ್ತು. ಯಾರಿಗೆ ಹೇಳಲಿ?

ಮುಂದಿನ ಶನಿವಾರದ ಹೊತ್ತಿಗೆ ಅದಕ್ಕೊಂದು ಪದ್ಧತಿ ಬೆಳೆದಿತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಉಡಿ ತುಂಬುವುದು ಎಂದರೆ ದೊಡ್ಡ ಮಾತು. ಸೆರಗನ್ನು ಸೊಂಟದ ಮುಂದೆ ಚೀಲದ ಹಾಗೆ ಹಿಡಿದು, ಅದರಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಬಾಳೆಹಣ್ಣು ಹಾಕಿಸಿಕೊಳ್ಳುತ್ತಾರೆ. ಮಕ್ಕಳಾಗದ ಯಾರೋ ಒಬ್ಬಳು ತುಂಬಿದ ಉಡಿಯಲ್ಲೇ ಅದರ ಮುಂದೆ ಹೋಗಿ ನಿಂತಳಂತೆ. ಅದು ಕೈ ಚಾಚಿ ಉಡಿಯೊಳಗಿಂದ ಹಣ್ಣು ತೆಗೆದುಕೊಂಡಿತಂತೆ. ಮಾರುತಿ ತಾನಾಗಿ ಉಡಿಗೆ ಕೈ ಹಾಕಿದನೆಂದರೆ ಆ ಉಡಿ ಕೂಸಿನಿಂದ ತುಂಬಿತೆಂದೇ ಅರ್ಥ. ಆಮೇಲೆ ಕೇಳಬೇಕೆ? ಹುನಗುಂದದಿಂದ, ಮರೋಳದಿಂದ, ಕೂಡಲಸಂಗಮಕ್ಕೆ ಹೊರಟವರು ದಾರಿ ಬಿಟ್ಟು ಬಂದು, ಹೆಣ್ಣುಮಕ್ಕಳು ಸಾಲಾಗಿ ಅಂಗಳದಲ್ಲಿ ಕೂತು ಉಡಿ ತೋರಿಸತೊಡಗಿದರು. ಸರಪಳಿ ಅಷ್ಟು ದೂರ ಮುಟ್ಟುವುದಿಲ್ಲವೆಂದು ಸಾವಕಾರರ ಆಳು ಅದನ್ನು ಬಿಚ್ಚಿ, ಹಗ್ಗ ಕಟ್ಟಿ, ಒಬ್ಬೊಬ್ಬರ ಮುಂದೆ ನಡೆಸಿಕೊಂಡು ಬರುತ್ತಿದ್ದ.

ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ಉಳಿದವರಿಗೆ ಅಲ್ಲಿ ದೇವರು ಕಾಣುತ್ತಿತ್ತು. ಒಂದು ಪ್ರಾಣಿಗೆ ಪಾಠ ಕಲಿಸುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ಹೆಂಗಸಿನ ಸೊಂಟದ ಮುಂದೆ ಬಟ್ಟೆಯ ಗಂಟಿದ್ದರೆ ಅದರಲ್ಲಿ ತಿನ್ನುವುದಿದೆ, ಕೈ ಹಾಕಿದರೆ ಯಾರೂ ಬೈಯುವುದಿಲ್ಲ, ಕೈಮುಗಿಯುತ್ತಾರೆ. ಇದೇ ಆ ಪಾಠ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಗಳಿಗೆ ಆಗ ಒಂದೂವರೆ ವರ್ಷ. ಕೆಳಗೆ ಬಿಟ್ಟರೆ ಗೋಡೆಯ ಕಡೆ ಓಡುತ್ತಾಳೆಂದು, ಅವಳನ್ನು ಮುಂದಕ್ಕೆ ಎತ್ತಿಕೊಂಡು ಸೆರಗನ್ನು ಅವಳ ಸುತ್ತ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಎಲ್ಲ ತಾಯಂದಿರೂ ಮಾಡುವುದು ಅದನ್ನೇ. ಏನೋ ಸದ್ದಾಯಿತೆಂದು ತಲೆ ಎತ್ತಿದರೆ, ಬೇವಿನ ಮರದ ಕೆಳಗಿನ ಟೊಂಗೆಯ ಮೇಲೆ ಅದು ಕುಳಿತು ನನ್ನ ಸೊಂಟವನ್ನೇ ನೋಡುತ್ತಿತ್ತು. ತುಟಿ ಚಪ್ಪರಿಸಿತು. ಆಮೇಲೆ, ಉಡಿ ಮುಂದೆ ಬಂದಾಗ ಮಾಡುವ ಹಾಗೆಯೇ, ನಿಧಾನವಾಗಿ ಕೈ ಚಾಚಿತು.

ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದೆ. ಆ ಹೊತ್ತಿನಿಂದ ನನ್ನ ನಿದ್ದೆ ಹೋಯಿತು.

ನನ್ನ ಗಂಡ ಹುನಗುಂದದ ಹೈಸ್ಕೂಲಿನಲ್ಲಿ ಮಾಸ್ತರರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಒಳ್ಳೆಯವರು, ಆದರೆ ತಾಯಿಯ ಮಗ್ಗ ನಿಲ್ಲುವುದೆಂದರೆ ಅವರಿಗೆ ಭಯ. ಸಾವಕಾರರನ್ನು ಎದುರು ಹಾಕಿಕೊಂಡು ನೂಲು ಎಲ್ಲಿಂದ ತರುವುದು ಎಂದು ಕೇಳಿದರು. ಅವರನ್ನು ಬಿಟ್ಟು ನಾನೇ ಹೊರಟೆ. ಮುನಸಿಪಾಲಿಟಿಯಲ್ಲಿ ಗುಮಾಸ್ತ ನಾಯಿಯ ಕೊರಳಿಗೆ ಹಾಕುವ ಹಿತ್ತಾಳೆ ಬಿಲ್ಲೆ ತೋರಿಸಿ, ತಮ್ಮ ಅಧಿಕಾರ ಇಷ್ಟೇ ಎಂದ. ಠಾಣೆಯಲ್ಲಿ, ಕಚ್ಚಿದ ಮೇಲೆ ಬನ್ನಿ ಎಂದರು. ದನದ ಡಾಕ್ಟರು ತಮ್ಮ ಹೆಂಡತಿಯೂ ಹೋದ ವಾರ ಉಡಿ ತೋರಿಸಿ ಬಂದಳೆಂದು ಸಂತೋಷದಿಂದ ಹೇಳಿದರು.

ಕಾಡುಪ್ರಾಣಿಗಳನ್ನು ಮನೆಯಲ್ಲಿ ಸಾಕಲು ಸರಕಾರದ ಕಾಗದ ಬೇಕು ಎಂಬ ಕಾನೂನು ಬಂದು ಆಗ ಕೆಲವು ವರ್ಷಗಳಾಗಿದ್ದವು. ಹೆಚ್ಚಿನವರಿಗೆ ಅದರ ಹೆಸರು ಗೊತ್ತಿರಲಿಲ್ಲ, ಭಯ ಮಾತ್ರ ಗೊತ್ತಿತ್ತು. ಯಾರೋ ಸಾಕಿದ ಆಮೆಯನ್ನು ಹೊಳೆಗೆ ಬಿಟ್ಟಿದ್ದರು, ಯಾರೋ ಜಿಂಕೆಯ ಕೊಂಬನ್ನು ಗೋಡೆಯಿಂದ ಇಳಿಸಿದ್ದರು. ಹಾಗಾದರೆ ಇದಕ್ಕೆ ಕಾಗದ ಎಲ್ಲಿ ಎಂದು ಕೇಳೋಣವೆಂದು, ಬನಶಂಕರಿಗೆ ಹರಕೆಯಿದೆಯೆಂದು ಮನೆಯಲ್ಲಿ ಹೇಳಿ, ಮಗಳನ್ನು ಕರೆದುಕೊಂಡು ಬಾದಾಮಿಗೆ ಹೋದೆ. ದೇವಿಯ ಮುಂದೆ ಎರಡು ನಿಮಿಷ ನಿಂತು ನೇರವಾಗಿ ಅರಣ್ಯ ಇಲಾಖೆಯ ಕಚೇರಿಗೆ ನಡೆದೆ. ಹೊರಗೆ ಒಂದು ಜೀಪು ನಿಂತಿತ್ತು.

ರೇಂಜರ್ ಸಾಹೇಬರು ಒರಟರಲ್ಲ. ಕೂಡಿಸಿ, ಮಗುವಿಗೆ ಬಿಸ್ಕೀಟು ತರಿಸಿ, ಪೂರ್ತಿ ಕೇಳಿಸಿಕೊಂಡರು. ಕಪಾಟಿನಿಂದ ಕಾನೂನಿನ ಪುಸ್ತಕ ತೆಗೆದು ಕೊನೆಯ ಪುಟಗಳ ಪಟ್ಟಿಯ ಮೇಲೆ ಬೆರಳು ಇಳಿಸುತ್ತ ಹೋದರು. ಬೆರಳು ತಳ ಮುಟ್ಟಿತು.

"ಬಾಯಾರ, ಕರಡಿ ಇದ್ರ ಹೇಳ್ರಿ, ಇವತ್ತ ಜೀಪ್ ಹೊರಡಸ್ತೇನಿ. ಚಿರತಿ ಇರಲಿ, ನವಲು ಇರಲಿ. ಆದ್ರ ಇದು ನಮ್ಮ ದೇಶದ್ದಲ್ಲ ಅಂತ ನೀವ ಹೇಳಾಕತ್ತೀರಿ."

"ಅಲ್ರೀ. ಅದಕ್ಕ ನನಗ ಹೆಚ್ಚು ಅಂಜಿಕಿ."

"ನಮ್ಮ ದೇಶದ್ದಲ್ಲಂದ್ರ ನಂದೂ ಅಲ್ರೀ."

"ಹಂಗಾರ ಯಾರದ್ರೀ ಸಾಹೇಬ್ರ?"

ಅವರು ಪುಸ್ತಕ ಮುಚ್ಚಿದರು. ನಮ್ಮ ಮುಸಿಯಾ, ಕರಿಮುಖದ ಮಂಗ, ಅಲ್ಲವೆಂದು ಖಾತ್ರಿಯೇ ಎಂದು ಇನ್ನೊಮ್ಮೆ ಕೇಳಿದರು. ಮುಸಿಯಾ ಆಗಿದ್ದರೆ ಚೆನ್ನಾಗಿತ್ತು ಎನ್ನುವ ಧ್ವನಿಯಿತ್ತು. ಹೊರಡುವಾಗ, ಮಾತಿಗೆ ಮಾತು ಬಂದ ಹಾಗೆ, ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಾದರೂ ಜಿಂಕೆಯ ಚರ್ಮ ಇದೆಯೇ ಎಂದರು. ತೀರಿಹೋದ ಮಾವನವರು ಪೂಜೆಗೆ ಕೂರುತ್ತಿದ್ದ ಜಿಂಕೆಯ ಚರ್ಮ ನಮ್ಮ ಅಟ್ಟದ ಮೇಲಿತ್ತು. ಇಲ್ಲವೆಂದು ಹೇಳಿ ಬಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದೇ ಯೋಚನೆ. ಹಲ್ಲಿರುವ ಜೀವಂತ ಪ್ರಾಣಿ ಕಾನೂನಿನ ಹೊರಗೆ, ಅಟ್ಟದ ಮೇಲಿನ ಹಳೆಯ ಚರ್ಮ ಒಳಗೆ. ಸಾಹೇಬರು ಅದನ್ನು ಸುಮ್ಮನೆ ಕೇಳಿದರೇ, ಅಥವಾ ನನಗಿಂತ ಮೊದಲೇ ಯಾರಾದರೂ ಅಲ್ಲಿಗೆ ಹೋಗಿದ್ದರೇ?

ಎರಡು ಮೂರು ದಿನಗಳಲ್ಲಿ ಖಾಕಿ ತೊಟ್ಟ ಒಬ್ಬ ಅರಣ್ಯ ಗಾರ್ಡು ನಮ್ಮ ಓಣಿಗೆ ಬಂದ. ನಾನು ಹಿತ್ತಲ ಕಿಟಕಿಯಿಂದ ನೋಡಿದೆ. ಸಾವಕಾರರ ಮನೆಯಲ್ಲಿ ಚಹಾ ಕುಡಿದ, ಬೇವಿನ ಬುಡದಲ್ಲಿ ಕಾಯಿ ಒಡೆಸಿದ, ಕೈಮುಗಿದ, ಹೋಗುವಾಗ ನಮ್ಮ ಮನೆಯ ಕಡೆ ಕತ್ತೆತ್ತಿ ನೋಡಿದ. ಖಾಕಿ ಕಂಡ ಅತ್ತೆ ಅಟ್ಟದ ಚರ್ಮವನ್ನು ಹಳೆಯ ಧೋತರದಲ್ಲಿ ಸುತ್ತಿ ಎಲ್ಲಿಟ್ಟರೋ ನನಗೂ ಹೇಳಲಿಲ್ಲ.

ಅವತ್ತೇ ಸಂಜೆ ಸಾವಕಾರರು ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಕಟ್ಟೆಯ ಮೇಲೇ ಕುಳಿತರು. ಮುಖದ ತುಂಬ ನಗು.

"ಏನವಾ ತಂಗಿ, ಬನಶಂಕರಿ ದರ್ಶನ ಆತು?"

"ಆತ್ರೀ ಸಾವಕಾರ್ರ."

"ಈ ಸಲ ದೇವಿ ಜೀಪಿನ್ಯಾಗ ಕುಂತಿದ್ಲಂತಲ್ಲ."

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಅವತ್ತಿನಿಂದ ನನ್ನೊಡನೆ ಮಾತು ಬಿಟ್ಟರು. ಸಾವಕಾರರು ಮಗಳ ಗಲ್ಲ ಹಿಂಡಿ, ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಹೋದರು. ಮರುದಿನ ನಮ್ಮ ಮನೆಗೆ ಬರಬೇಕಾದ ನೂಲು ಬರಲಿಲ್ಲ. ಮಗ್ಗದ ಮೇಲೆ ಆಗಲೇ ಏರಿಸಿದ್ದ ಹಾಸೊಂದೇ ಅತ್ತೆಯ ಕೈಯಲ್ಲಿ ಉಳಿಯಿತು.

ಆ ಶನಿವಾರ ಎಂದಿಗಿಂತ ಹೆಚ್ಚು ಜನ ಬಂದರು. ಕತ್ತಲಾದ ಮೇಲೆ ಆಳು ಅದನ್ನು ಹಗ್ಗದಲ್ಲೇ ಮರಕ್ಕೆ ಕಟ್ಟಿ ಹೋದ. ಸರಪಳಿ ಮರದ ಬುಡದಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಭಾನುವಾರವೂ ಅಲ್ಲೇ ಇತ್ತು, ಸೋಮವಾರವೂ. ಅದನ್ನು ಹಾಕಲು ಮರೆತದ್ದೋ, ಬಾದಾಮಿಗೆ ಹೋಗಿ ಬಂದವಳಿಗೆ ಒಂದು ಪಾಠವಾಗಲಿ ಎಂದು ಬಿಟ್ಟದ್ದೋ? ಸಾವಕಾರರ ಆಳಿಗೆ ಗಂಡನಿಂದ ಹೇಳಿಸಿದೆ. ಹಾಕ್ತೇನಿ ಬಿಡ್ರಿ ಅಂದನಂತೆ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ ಎಂದು ಇಷ್ಟು ವರ್ಷ ಕೇಳಿಕೊಂಡರೂ ಒಂದು ಉತ್ತರದ ಮೇಲೆ ನನ್ನ ಮನಸ್ಸು ನಿಂತಿಲ್ಲ.

ಶುಕ್ರವಾರ ಮಧ್ಯಾಹ್ನ ಮಗಳು ಊಟ ಮುಗಿಸಿ ನಿದ್ದೆಗೆ ಅಳುತ್ತಿದ್ದಳು. ಅವಳನ್ನು ಸೆರಗಿನಲ್ಲಿ ಬಿಗಿದುಕೊಂಡು ತಟ್ಟುತ್ತ ಪಡಸಾಲೆಯಲ್ಲಿ ಓಡಾಡುತ್ತಿದ್ದೆ. ಹಿತ್ತಲಿನ ಕಡೆ ಹೋಗುವುದನ್ನು ಎಂದೋ ಬಿಟ್ಟಿದ್ದೆ. ಆದರೆ ಸೆಕೆಗೆ ಹಿತ್ತಲ ಬಾಗಿಲು ತೆರೆದಿತ್ತು. ಅತ್ತೆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು.

ನನಗೆ ಮೊದಲು ಕಂಡದ್ದು ಕೈ. ಗೋಡೆಯ ಮೇಲೆ ಒಂದು ಕಪ್ಪು ಕೈ, ಮನುಷ್ಯನ ಹಾಗೆಯೇ ಉಗುರುಗಳು. ಯಾರೋ ಗೋಡೆ ಹತ್ತುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಅದು ಹಿತ್ತಲು ದಾಟಿ ಒಳಗಿತ್ತು. ಕೊರಳಲ್ಲಿ ಕಡಿದ ಹಗ್ಗದ ತುಂಡು. ಓಡಿ ಬಂದದ್ದಲ್ಲ, ನಡೆದು ಬಂತು, ಕರೆದ ಮನೆಗೆ ಬಂದ ಹಾಗೆ. ಬಂದು ನನ್ನ ಮುಂದೆ ಹಿಂಗಾಲ ಮೇಲೆ ನಿಂತು, ಸೆರಗಿನ ಗಂಟಿಗೆ ಕೈ ಹಾಕಿತು.

ನಾನು ಹಿಂದಕ್ಕೆ ಎಳೆದುಕೊಂಡೆ. ಅಲ್ಲಿಯವರೆಗೆ ಯಾವ ಹೆಂಗಸೂ ಅದಕ್ಕೆ ಕೊಡುವುದಿಲ್ಲವೆಂದಿರಲಿಲ್ಲ. ಅದು ಬಾಯಿ ತೆರೆಯಿತು. ನನ್ನ ಮುಖಕ್ಕೂ ಆ ಹಲ್ಲಿಗೂ ಒಂದು ಗೇಣಿನ ಅಂತರ. ಬೆಲ್ಲ, ಕೊಬ್ಬರಿ, ಕೊಳೆತ ಬಾಳೆಹಣ್ಣಿನ ವಾಸನೆ. ಸೆರಗು ಹರಿಯಿತು. ಗಂಟಿನೊಳಗಿಂದ ಹೊರಬಂದ ಮಗಳ ಕಾಲನ್ನು ಅದು ಹಿಡಿದು, ಹಣ್ಣನ್ನು ಮೂಸಿ ನೋಡುವ ಹಾಗೆ ಮೂಸಿ, ತೊಡೆಗೆ ಬಾಯಿ ಹಾಕಿತು.

ನಾನು ಏನು ಕೂಗಿದೆನೋ ಗೊತ್ತಿಲ್ಲ. ಗೊತ್ತಿರುವುದು ಅತ್ತೆಯ ಧ್ವನಿ. ಕೂಸನ್ನು ಇಲ್ಲಿ ಹಾಕು ಅಂದರು. ಮೈಯೆಲ್ಲ ಬಲ ಹಾಕಿ ಮಗಳನ್ನು ಕಿತ್ತುಕೊಂಡು ಕುಣಿಯೊಳಗೆ ಇಳಿಬಿಟ್ಟೆ. ಅತ್ತೆ ಅವಳನ್ನು ಕಾಲುಗಳ ನಡುವೆ ಅದುಮಿಕೊಂಡು, ಮಗ್ಗದ ಹಾಸಿನ ಕೆಳಗೆ ಬಗ್ಗಿ ಮುಚ್ಚಿಕೊಂಡರು. ಅದು ಹಾಸಿನ ಮೇಲೆಯೇ ಹತ್ತಿತು. ಬಿಗಿದ ಎಳೆಗಳು ಸಾಲುಸಾಲಾಗಿ ತುಂಡಾದವು. ಆಗ ಅತ್ತೆ ತಲೆ ಎತ್ತಿ, ಕೈಯಲ್ಲಿದ್ದ ಲಾಳಿಯನ್ನು ಬೀಸಿ ಅದರ ಮೂತಿಗೆ ಹೊಡೆದರು. ಹಾಸಿನ ನಡುವೆ ನೂಲು ಓಡಿಸುವ, ಕಬ್ಬಿಣದ ಮೊನೆಯ ಮರದ ಲಾಳಿ. ಮತ್ತೊಮ್ಮೆ ಹೊಡೆದರು. ಅದು ಕಿರುಚಿ, ಮಗ್ಗದಿಂದ ಹಾರಿ, ಬಂದ ದಾರಿಯಲ್ಲೇ ಗೋಡೆ ಜಿಗಿದು ಹೋಯಿತು. ಆಚೆ ಆಳು ಬಾಳೆಹಣ್ಣಿನ ಬುಟ್ಟಿ ತೋರಿಸಿ ಅದನ್ನು ಹಿಡಿದನಂತೆ.

ಇಷ್ಟೆಲ್ಲ ಆದದ್ದು ಎಷ್ಟು ಹೊತ್ತಿನಲ್ಲಿ ಎಂದು ಕೇಳಿದರೆ ಹೇಳಲಾರೆ. ನನ್ನೊಳಗೆ ಅದು ಇನ್ನೂ ಮುಗಿದಿಲ್ಲ. ಮಗಳು ಈಗ ದೊಡ್ಡವಳು, ತೊಡೆಯ ಮೇಲಿನ ಕಲೆಯನ್ನು ತನ್ನ ಮಕ್ಕಳಿಗೆ ಕಥೆ ಮಾಡಿ ಹೇಳಿ ನಗುತ್ತಾಳೆ. ನಾನು ಆ ಕೋಣೆಯಿಂದ ಎದ್ದು ಹೋಗುತ್ತೇನೆ.

ದವಾಖಾನೆಯಲ್ಲಿ ಡಾಕ್ಟರು ಗಾಯವನ್ನು ಸಾಬೂನು ನೀರಿನಿಂದ ತೊಳೆದರು, ತೊಳೆದರು, ಮತ್ತೆ ತೊಳೆದರು. ಆಮೇಲೆ ನನ್ನನ್ನೂ, ಸುದ್ದಿ ಕೇಳಿ ಹುನಗುಂದದಿಂದ ಓಡಿಬಂದಿದ್ದ ಗಂಡನನ್ನೂ ಹೊರಗೆ ಕರೆದು ನಿಧಾನವಾಗಿ ಹೇಳಿದರು. ಹುಚ್ಚುನಾಯಿಯ ರೋಗ ತಗಲುವ ಭಯವಿದೆ. ಹೊಟ್ಟೆಗೆ ದಿನಾ ಸೂಜಿ ಹಾಕಬೇಕು. ಆದರೆ ಆ ಔಷಧಿಯೇ ಕೆಲವರ ಕೈಕಾಲಿನ ಶಕ್ತಿ ತೆಗೆದುಬಿಡುತ್ತದೆ, ಇಷ್ಟು ಸಣ್ಣ ಕೂಸಿಗೆ ಪೂರ್ತಿ ಹಾಕಲು ತಮಗೆ ಧೈರ್ಯವಿಲ್ಲ.

"ನಾಯಿ ಆಗಿದ್ರ ಹತ್ತು ದಿನ ನೋಡ್ರಿ ಅಂತಿದ್ದೆ. ಇದಕ್ಕ ಎಷ್ಟು ದಿನ ಅಂತ ಯಾವ ಪುಸ್ತಕದಾಗೂ ನಾ ಓದಿಲ್ಲ. ಹತ್ತ ಹಿಡಿಯೂಣು. ಸೂಜಿ ಇವತ್ತ ಚಾಲೂ ಮಾಡ್ತೇನಿ. ಅದು ಹತ್ತು ದಿನ ಉಂಡುಕೊಂಡು ಆರಾಮ ಇತ್ತಂದ್ರ ನಿಲ್ಲಿಸೂಣು."

"ಅದು ಸತ್ತರರೀ?" ಎಂದು ನನ್ನ ಗಂಡ ಕೇಳಿದರು.

"ಸತ್ತರೂ ಅಷ್ಟ, ಕಾಣದಂಗ ಆದ್ರೂ ಅಷ್ಟ. ನಿಲ್ಲಿಸಾಕ ಬರೂದಿಲ್ಲ."

ದವಾಖಾನೆಯಿಂದ ಬರುವಷ್ಟರಲ್ಲಿ ಓಣಿಯ ನಾಲ್ಕಾರು ಗಂಡಸರು ಬಡಿಗೆ ಹಿಡಿದು ಸಾವಕಾರರ ಬಾಗಿಲಲ್ಲಿ ನಿಂತಿದ್ದರು. ಅದನ್ನು ಕೊಲ್ಲುವುದು ನ್ಯಾಯವೆಂದು ಡಾಕ್ಟರ ಮಾತು ಕೇಳುವ ಮೊದಲಾಗಿದ್ದರೆ ನಾನೂ ಹೇಳುತ್ತಿದ್ದೆನೇನೋ. ಹರಿದ ಸೆರಗಿನಲ್ಲೇ ಓಡಿ ಹೋಗಿ ಅವರ ಕೈಹಿಡಿದು ಬೇಡಿಕೊಂಡೆ. ಹೊಡೆಯಬೇಡಿ, ಅದು ಬದುಕಿರಬೇಕು ಎಂದೆ. ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿ ಅವರು ಹೋದರು.

ಮರುದಿನ ನನ್ನ ಗಂಡ ಬಾಗಲಕೋಟೆಗೆ ಹೋಗಿ ಮುಂದಿನ ದಿನಗಳ ಸೂಜಿಮದ್ದನ್ನು ಬರ್ಫ ತುಂಬಿದ ಥರ್ಮಾಸಿನಲ್ಲಿಟ್ಟುಕೊಂಡು ಬಂದರು. ಬರುತ್ತಲೇ ಇನ್ನೊಂದು ಸುದ್ದಿಯನ್ನೂ ತಂದರು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಟೆಂಪೋದವನು, ಸಾವಕಾರರ ಮಾರುತಿಯನ್ನು ನಾಳೆ ಸೊಲ್ಲಾಪುರಕ್ಕೆ ಒಯ್ಯುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಿದ್ದನಂತೆ. ಈ ಪ್ರಾಣಿಗೆ ಕಾನೂನಿನ ಹಂಗಿಲ್ಲವೆಂಬುದು ನನಗೆ ಗೊತ್ತಿತ್ತು, ಚಹಾ ಕುಡಿದು ಹೋದ ಗಾರ್ಡು ಸಾವಕಾರರಿಗೆ ಅದನ್ನು ಹೇಳಿರಲಿಲ್ಲ. ನಾನು ಬಾದಾಮಿಗೆ ಹೋದದ್ದಷ್ಟೇ ಅವರಿಗೆ ಗೊತ್ತು. ಕೂಸನ್ನು ಕಚ್ಚಿದ ಮೇಲೆ ಜೀಪು ಬಂದೇ ಬರುತ್ತದೆ, ಅದಕ್ಕಿಂತ ಮೊದಲು ಅಂಗಳ ಖಾಲಿಯಾಗಬೇಕು ಎಂದು ಅವರ ಅವಸರ. ಅದನ್ನು ಇಲ್ಲೇ ಇರಿಸಿಕೊಳ್ಳಿ ಎಂದು ಅವರಿಗೆ ಹೇಳುವ ಅಧಿಕಾರ ಯಾವ ಕಚೇರಿಗೂ ಇರಲಿಲ್ಲ. ನನ್ನ ಗಂಡ ಹೋಗಿ ಕೇಳಿದರು. ಅದು ಹೋದರೆ ನಿಮಗೇ ಒಳ್ಳೆಯದಲ್ಲವೇ ಮಾಸ್ತರ ಎಂದರಂತೆ. ಡಾಕ್ಟರ ಮಾತು ಹೇಳಿದರೆ, ಇವರು ಜೀಪು ಬರುವವರೆಗೆ ಹೊತ್ತು ಕಳೆಯುತ್ತಿದ್ದಾರೆ ಎಂದು ಇನ್ನಷ್ಟು ಸಂಶಯಪಟ್ಟರು.

ಅತ್ತೆ ಎರಡು ದಿನದಿಂದ ತುಂಡಾದ ಹಾಸಿನ ಮುಂದೆ ಸುಮ್ಮನೆ ಕುಳಿತಿದ್ದವರು, ಇದನ್ನು ಕೇಳಿ ಭಾನುವಾರ ಬೆಳಿಗ್ಗೆ ಎದ್ದರು. ತಲೆ ಬಾಚಿ, ಮಡಿ ಸೀರೆ ಉಟ್ಟು, ಓಣಿಯ ಮಾರುತಿ ಗುಡಿಯ ಪೂಜಾರಿಯ ಹತ್ತಿರ ಹೋದರು. ಅಲ್ಲಿಂದ ಪೂಜಾರಿಯನ್ನೂ ಹಿರಿಯರನ್ನೂ ಕರೆದುಕೊಂಡು ಸಾವಕಾರರ ಅಂಗಳಕ್ಕೇ ಬಂದರು. ಟೆಂಪೋ ಆಗಲೇ ಬಾಗಿಲಿಗೆ ಹಿಮ್ಮುಖವಾಗಿ ನಿಂತಿತ್ತು.

"ನಾ ಇದಕ್ಕ ಲಾಳಿಲೆ ಹೊಡದೇನಿ," ಎಂದು ಅತ್ತೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು. "ಪಾಪ ಬಂದತಿ. ನಮ್ಮ ಮನಿ ಮ್ಯಾಲ ಅಷ್ಟ ಅಲ್ಲ, ಇಡೀ ಓಣಿ ಮ್ಯಾಲ. ಏಳು ದಿನ ಇದರ ಮುಂದ ಸಪ್ತಾಹ ಹಿಡಸ್ತೇನಿ. ಅಲ್ಲೀತನಕ ಇದು ಇದ್ದಲ್ಲೇ ಇರಬೇಕ್ರಿ, ಸಾವಕಾರ್ರ."

ಮಾರುತಿಗೆ ಹೊಡೆದವಳು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ ಎಂದರೆ ಬೇಡ ಎನ್ನುವವರು ಯಾರು? ಅದನ್ನು ಮಾರುತಿ ಮಾಡಿ ಅಂಗಳ ತುಂಬಿಸಿಕೊಂಡವರಿಗಂತೂ ಬಾಯಿಯೇ ಇರಲಿಲ್ಲ. ಪೂಜಾರಿ ಒಳ್ಳೆಯ ಮಾತು ಎಂದು ತಲೆ ಆಡಿಸಿದ. ಟೆಂಪೋ ಹಿಂದಕ್ಕೆ ಹೋಯಿತು. ಸಂಜೆಗೆ ತಾಳ, ದಮಡಿ, ಹಾರ್ಮೋನಿಯಂ ಬಂದವು. ಸಪ್ತಾಹವೆಂದರೆ ಏಳು ದಿನ ಹಗಲಿರುಳು ಒಂದು ಕ್ಷಣವೂ ನಿಲ್ಲದ ಭಜನೆ. ಒಂದು ಗುಂಪು ಎದ್ದರೆ ಇನ್ನೊಂದು ಕೂರುತ್ತದೆ. ಬೇವಿನ ಬುಡದಲ್ಲಿ ಯಾವ ಹೊತ್ತಿಗೂ ಹತ್ತು ಜನರ ಕಣ್ಣು. ಅತ್ತೆ ಇನ್ನೊಂದು ಕರಾರು ಹಾಕಿದರು, ಜೋಡಿ ಸರಪಳಿ.

ಮನೆಗೆ ಬಂದ ಮೇಲೆ ನನ್ನನ್ನು ಹತ್ತಿರ ಕರೆದರು. ಕೂಸನ್ನು ಇಲ್ಲಿ ಹಾಕು ಅಂದದ್ದನ್ನು ಬಿಟ್ಟರೆ, ವಾರದಿಂದ ನನ್ನೊಡನೆ ಆಡಿದ ಮೊದಲ ಮಾತು ಅದೇ.

"ಅದು ಮಾರುತಿ ಖರೇನೋ ಸುಳ್ಳೋ ಆಮ್ಯಾಲ ನೋಡೂಣು. ಅದು ಎಲ್ಲೂ ಹೋಗಂಗಿಲ್ಲ. ನೀ ಕೂಸಿನ ಕಡೆ ನೋಡು."

ನಾನು ಎರಡೂ ಕಡೆ ನೋಡಿದೆ. ಬೆಳಿಗ್ಗೆ ದವಾಖಾನೆಗೆ ಹೋಗಿ, ಮಗಳ ಕೈಕಾಲು ಹಿಡಿದು ಸೂಜಿ ಹಾಕಿಸುವುದು. ಅವಳ ಸಣ್ಣ ಹೊಟ್ಟೆ ಊದಿ ಕೆಂಪಗಾಗಿತ್ತು. ಮನೆಗೆ ಬಂದು ಅವಳನ್ನು ನಿಲ್ಲಿಸಿ ನಡೆಸಿ ನೋಡುವುದು, ಕಾಲು ಸೋಲುತ್ತಿದೆಯೇ ಎಂದು. ಆಮೇಲೆ ಗೋಡೆಯ ಹತ್ತಿರ ನಿಂತು ಅದನ್ನು ನೋಡುವುದು. ನೀರು ಕುಡಿಯಿತೇ? ಜೊಲ್ಲು ಸುರಿಯುತ್ತಿದೆಯೇ? ನೆರಳಿಗೆ ಯಾಕೆ ಸರಿಯಿತು? ರಾತ್ರಿ ಭಜನೆಯ ನಡುವೆ ಸರಪಳಿ ಸದ್ದಾದರೆ ನಾನೂ ಗಂಡನೂ ಕತ್ತಲಲ್ಲಿ ಒಬ್ಬರಿಗೊಬ್ಬರು, ಇದೆ, ಅಂದುಕೊಳ್ಳುತ್ತಿದ್ದೆವು. ಸದ್ದಾಗದಿದ್ದರೆ ಅವರು ಎದ್ದು ಹೋಗಿ ನೋಡಿ ಬರುತ್ತಿದ್ದರು.

ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಬಡಿಗೆ ಹಿಡಿದು ಬಂದವರು ವಿಷ ಹಾಕಿದರೆ? ಸಾವಕಾರರೇ ಸಿಹಿಯಲ್ಲಿ ಏನಾದರೂ ಬೆರೆಸಿದರೆ? ಅದಕ್ಕೆ ನಮ್ಮ ಮನೆಯ ರೊಟ್ಟಿಯನ್ನೇ ಹಾಕತೊಡಗಿದೆ. ಉದ್ದ ಕೋಲಿನ ತುದಿಗೆ ಸಿಕ್ಕಿಸಿ ಚಾಚುತ್ತಿದ್ದೆ. ಮಗಳನ್ನು ಕಚ್ಚಿದ ಬಾಯಿ ನನ್ನ ಕೈಯ ರೊಟ್ಟಿಯನ್ನು ಅಗಿಯುವುದನ್ನು ನೋಡುತ್ತ, ತಿನ್ನು, ಪೂರ್ತಿ ತಿನ್ನು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಮೂಗಿನ ಮೇಲೆ ಲಾಳಿಯ ಏಟು ಒಣಗುತ್ತ ಬಂದಿತ್ತು. ಒಂದೊಂದು ಸಲ ಅದು ನನ್ನ ಬರಿದಾದ ಸೊಂಟವನ್ನು ನೋಡುತ್ತಿತ್ತು. ನಾನು ಸೆರಗನ್ನು ಸುತ್ತಿ ಹಿಂದಕ್ಕೆ ಬಿಗಿದುಕೊಂಡಿರುತ್ತಿದ್ದೆ.

ಸಪ್ತಾಹದ ನಡುವೆ ಒಂದು ದಿನ ಅದು ರೊಟ್ಟಿಗೆ ಮುಖ ತಿರುಗಿಸಿತು. ಬಾಳೆಹಣ್ಣನ್ನೂ ಮುಟ್ಟಲಿಲ್ಲ. ತಲೆ ತಗ್ಗಿಸಿ ಮರಕ್ಕೆ ಒರಗಿ ಕುಳಿತಿತ್ತು. ಗಂಡ ಸೈಕಲ್ ತೆಗೆದುಕೊಂಡು ಡಾಕ್ಟರನ್ನು ಕರೆತರಲು ಓಡಿದರು. ಡಾಕ್ಟರು ಬಂದು ದೂರದಿಂದ ನೋಡುತ್ತಿದ್ದಾಗ, ಭಜನೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ನಾಚಿಕೊಂಡು ಬಾಯಿಬಿಟ್ಟಳು. ಬೆಳಿಗ್ಗೆ ಎಲ್ಲರಿಗೂ ಮಾಡಿದ ಮಾದಲಿಯನ್ನು ಅವಳು ಅದಕ್ಕೆ ಒಂದು ಪರಾತದ ತುಂಬ ತಿನ್ನಿಸಿದ್ದಳಂತೆ. ಹೊಟ್ಟೆ ಬಿರಿಯುವಂತೆ ಸಿಹಿ ತಿಂದು ಕುಳಿತಿತ್ತು ಅದು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಸಂಜೆ ಅದು ರೊಟ್ಟಿ ಕೇಳಿ ಕೈ ಚಾಚುವವರೆಗೂ ಗೋಡೆ ಬಿಟ್ಟು ಕದಲಲಿಲ್ಲ.

ಸಪ್ತಾಹದ ಮಂಗಳ ಮುಗಿದು, ಪ್ರಸಾದ ಹಂಚಿ, ತಾಳಗಳು ಚೀಲ ಸೇರಿದವು. ಅದು ಬೇವಿನ ಕೆಳಗೆ ಕುಳಿತು ಶೇಂಗಾ ಸುಲಿಯುತ್ತಿತ್ತು. ಸೋಮವಾರ ಬೆಳಿಗ್ಗೆ, ಕಚ್ಚಿದ ಹತ್ತನೆಯ ದಿನ, ನಾವು ಮೂವರೂ, ಅತ್ತೆಯೂ ಸೇರಿ, ಮಗಳನ್ನು ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅವಳನ್ನು ಮೇಜಿನ ಮೇಲೆ ನಿಲ್ಲಿಸಿ, ಮೊಣಕಾಲು ತಟ್ಟಿ, ಕೆಳಗಿಳಿಸಿ ಬಾಗಿಲವರೆಗೆ ನಡೆಸಿದರು. ಅವಳು ಬಾಗಿಲು ದಾಟಿ ಓಡಿಯೇ ಬಿಟ್ಟಳು. ಆ ಪ್ರಾಣಿ ಇವತ್ತು ಏನು ತಿಂದಿತು ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಸೂಜಿಯ ಡಬ್ಬಿ ಮುಚ್ಚಿ ಕೈ ತೊಳೆದುಕೊಂಡರು.

"ನಾಳಿ ಕೂಸಿನ್ನ ತರಬ್ಯಾಡ್ರಿ."

ಕತ್ತಲಾಗುತ್ತಲೇ ಉಂಡು, ಪಡಸಾಲೆಯಲ್ಲಿ ಒಂದೇ ಸಾಲಿಗೆ ಹಾಸಿಕೊಂಡು ಮಲಗಿದೆವು. ಅದು ಗೋಡೆಯ ಆಚೆಯೇ ಇತ್ತು. ಅದರ ಯೋಚನೆ ಬರುವ ಮೊದಲೇ ನನಗೆ ನಿದ್ದೆ ಬಂದಿತ್ತು. ಆ ನಸುಕಿನಲ್ಲಿ ಟೆಂಪೋ ಬಂತಂತೆ, ಪೆಟ್ಟಿಗೆಗೆ ಹಾಕುವಾಗ ಅದು ಓಣಿಯೇ ಏಳುವಂತೆ ಅರಚಿತಂತೆ, ಗೋಡೆಯಾಚೆ ಅಷ್ಟು ಗದ್ದಲವಾದರೂ ಮಾಸ್ತರರ ಮನೆಯಲ್ಲಿ ಒಂದು ದೀಪ ಹತ್ತಲಿಲ್ಲವೆಂದು ಎದುರುಮನೆಯವರು ಆಮೇಲೆ ಹೇಳಿದರು. ಅದನ್ನು ಎಲ್ಲಿಗೆ ಒಯ್ದರು, ಯಾರ ಅಂಗಳದಲ್ಲಿ ಕಟ್ಟಿದರು, ಅಲ್ಲಿ ಯಾರು ಉಡಿ ತೋರಿಸಿದರು ಎಂಬುದು ಗೊತ್ತಿಲ್ಲ. ಕೇಳಿದರೆ ಸಾವಕಾರರು ಒಂದೊಂದು ಸಲ ಒಂದೊಂದು ಊರಿನ ಹೆಸರು ಹೇಳುತ್ತಿದ್ದರು.

ನಮಗೆ ಎಚ್ಚರವಾದಾಗ ಬಿಸಿಲು ಪಡಸಾಲೆಯ ಅರ್ಧದವರೆಗೆ ಬಂದಿತ್ತು. ಹಾಲಿನವಳು ಕೂಗಿ ಕೂಗಿ ಹೋಗಿಬಿಟ್ಟಿದ್ದಳು.